ನನ್ನ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ

ಲಿಲ್ಲಿ ಬಾಯಿ, ಆ ವೈರಸ್ ಬಂದದ್ದು ನಿಮ್ಮ ಪೆನ್‌ಡ್ರೈವಿನಿಂದಲ್ಲ. ತಂದವನು ನಾನು, ಅಡಗಿಸಿದವನು ನಾನು, ನಿಮ್ಮ ಕೆಲಸ ಹೋದ ದಿನ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಪ್ರೂಫ್ ತಿದ್ದುತ್ತಿದ್ದವನೂ ನಾನೇ.

ಕುದ್ರೋಳಿಯ ಆ ಸಣ್ಣ ಪ್ರೆಸ್ಸಿನಲ್ಲಿ ನೀವು ಟೈಪ್ ಮಾಡುವವರು, ನಾನು ತಪ್ಪು ಹುಡುಕುವವನು. ಊರಿನ ಕಾಗುಣಿತವೆಲ್ಲ ನನ್ನ ಕೆಂಪು ಪೆನ್ನಿನ ಆಶ್ರಯದಲ್ಲಿದೆಯೆಂದು ನಂಬಿದ್ದೆ— ನಾನೊಬ್ಬನೇ ನಂಬಿದ್ದೆ. ಹಾಗಿರುವಾಗ ಒಂದು ಇಮೇಲ್ ಬಂತು: ತಮ್ಮ ಭಾಷಾಸೇವೆಗಾಗಿ ಸನ್ಮಾನ, ವಿವರಕ್ಕೆ ಜೊತೆಗಿರುವ ವರ್ಡ್ ಫೈಲ್ ನೋಡಿ. ತೆರೆದರೆ ಮಸುಕು ಪುಟ, ಮೇಲೊಂದು ಹಳದಿ ಪಟ್ಟಿ, ಓದಬೇಕಾದರೆ 'ಎನೇಬಲ್' ಒತ್ತಿರೆಂಬ ಸೂಚನೆ.

ಹಳದಿ ಪಟ್ಟಿ ನಮಗೆ ಹೊಸದಲ್ಲ. ಹಳೆಯ ಕನ್ನಡ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಮ್ಯಾಕ್ರೋ— ವರ್ಡ್ ತಾನೇ ನಡೆಸುವ ಆಜ್ಞೆಗಳ ಕಟ್ಟು— ಪ್ರೆಸ್ಸಿನಲ್ಲಿತ್ತು. ಅದಕ್ಕಾಗಿ ದಿನವೂ ಎನೇಬಲ್ ಕೊಟ್ಟು ಕೊಟ್ಟು, ಆ ಎಚ್ಚರಿಕೆಯನ್ನು ಓದುವ ಅಭ್ಯಾಸವೇ ತಪ್ಪಿಹೋಗಿತ್ತು. ಅಲ್ಪವಿರಾಮವನ್ನೂ ಬಿಡದ ಮಹಾಶಯ ಅದೊಂದನ್ನು ಓದಲಿಲ್ಲ. ಹೊದೆಸುವ ಶಾಲಿನ ಬಣ್ಣ ಯಾವುದಿರಬಹುದು ಎಂದು ಯೋಚಿಸುತ್ತ ಒತ್ತಿಬಿಟ್ಟೆ. ಪುಟದಲ್ಲಿ ಏನೂ ಇರಲಿಲ್ಲ.

ಮತ್ತೆ ನಾನು ತಿದ್ದಿ ಕೊಟ್ಟ ಪ್ರತಿ ಫೈಲಿನೊಂದಿಗೂ ವೈರಸ್ ಹೊರಟಿತು. ಸೇವ್ ಮಾಡಿದಾಗಲೆಲ್ಲ ಕೊನೆಗೆ ಅರ್ಥವಿಲ್ಲದ ಅಕ್ಷರಗಳ ಸಾಲು. ಒಂದು ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಕೆಳಗೆ ಅದು ಅಚ್ಚಾಗಿಯೇ ಹೋಯಿತು.

ಯಜಮಾನರು ಸಂಜೀವಣ್ಣ ಕಂಪ್ಯೂಟರ್ ರಿಪೇರಿಯ ಹರೀಶನನ್ನು ಕರೆಸಿದರು.

"ಮ್ಯಾಕ್ರೋ ವೈರಸ್ ಮಾರಾಯ್ರೆ. ಎಲ್ಲ ಫೈಲಿಗೂ ಅಚ್ಚಿನ ಹಾಗಿರುವ ವರ್ಡಿನ ಮೂಲ ಟೆಂಪ್ಲೇಟಿನಲ್ಲೇ ಕೂತಿದೆ. ಎಲ್ಲ ಮೆಷಿನ್ ಒಟ್ಟಿಗೆ ಕ್ಲೀನ್ ಆಗ್ಬೇಕು, ಒಂದು ಬಿಟ್ರೂ ಪುನಃ ಬರ್ತದೆ. ರಾಯರೇ, ನಿಮ್ಮದು ಕೊಡಿ."

"ನನ್ನದಕ್ಕೆ ಎಂತ ಆಗಿಲ್ಲ," ಎಂದೆ.

ಆ ಸನ್ಮಾನದ ಇಮೇಲ್ ಇನ್ನೂ ಅದರಲ್ಲಿತ್ತು. ಹರೀಶ ನೋಡಿದರೆ ನಗುತ್ತಾನೆ, ಪ್ರೆಸ್ಸಿಡೀ ನಗುತ್ತದೆ— ನನ್ನ ಭಯ ಅಷ್ಟೇ ಸಣ್ಣದು.

"ಹಾಗಾದ್ರೆ ಹೊರಗಿಂದ ಪೆನ್‌ಡ್ರೈವ್ ಯಾರು ತರ್ತಾರೆ?"

ನೀವು. ಭಾನುವಾರ ನೀವು ಪ್ರಾರ್ಥನೆಗೆ ಹೋಗುವ ಇಗರ್ಜಿಯ ಪತ್ರಿಕೆಯನ್ನು ಮನೆಯಲ್ಲಿ ಟೈಪ್ ಮಾಡಿ ಪ್ರಿಂಟಿಗೆ ತರುತ್ತಿದ್ದಿರಿ. ಎಲ್ಲರೂ ನಿಮ್ಮ ಕಡೆ ತಿರುಗಿದಾಗ ನೀವು ನನ್ನ ಕಡೆ ತಿರುಗಿದಿರಿ.

"ನನ್ನದರಲ್ಲಿ ಇಗರ್ಜಿಯದ್ದು ಬಿಟ್ರೆ ಬೇರೆ ಎಂತ ಇಲ್ಲ. ನೀವಾದ್ರೂ ಹೇಳಿ ರಾಯರೇ."

"ಹೊರಗಿನದ್ದು ತರಬಾರದಿತ್ತು, ಬಾಯಿ."

ವ್ಯಾಕರಣಶುದ್ಧ ವಾಕ್ಯ. ನೇರವಾದ ಸುಳ್ಳೂ ಅಲ್ಲ— ಅದೇ ಅದರ ನೀಚತನ.

ಹರೀಶ ನನ್ನದೊಂದನ್ನು ಬಿಟ್ಟು ಉಳಿದ ಕಂಪ್ಯೂಟರುಗಳನ್ನೆಲ್ಲ ಸರಿಮಾಡಿ ಹೋದ. ಆಮೇಲೆ ನೀವು ಪೆನ್‌ಡ್ರೈವ್ ಮುಟ್ಟಲಿಲ್ಲ. ವೈರಸ್ ಮಾತ್ರ ಮರಳಿ ಬಂತು. ನನ್ನ ಕಂಪ್ಯೂಟರ್ ಹಾಗೆಯೇ ಇತ್ತಲ್ಲ. ನೀವು ಕದ್ದುಮುಚ್ಚಿ ತಂದಿರಬೇಕೆಂದರು ಎಲ್ಲರೂ. "ನಾಳೆಯಿಂದ ಬರ್ಬೇಡಿ ಬಾಯಿ. ಗಿರಾಕಿಗಳು ಹೋಗ್ತಾ ಇದ್ದಾರೆ, ನಾನು ಎಂತ ಮಾಡ್ಲಿ?" ಎಂದರು ಸಂಜೀವಣ್ಣ. ನೀವು ಕೀಬೋರ್ಡ್ ಒರೆಸಿಟ್ಟು ಹೋದಿರಿ. ನಾನು ಪ್ರೂಫಿನಲ್ಲೊಂದು ಅಲ್ಪವಿರಾಮ ತಿದ್ದಿದೆ.

ಮರುದಿನ ಹರೀಶ ಉಳಿದ ಕಂಪ್ಯೂಟರುಗಳನ್ನು ಪುನಃ ಸರಿಮಾಡಿದ. ಎಲ್ಲರೂ ಊಟಕ್ಕೆ ಹೋದಾಗ ಅವನು ಮಾಡಿದ್ದನ್ನೇ ನಾನು ನನ್ನದರಲ್ಲಿ ಮಾಡಿದೆ. ಇಮೇಲ್ ಅಳಿಸಿದೆ. ವರ್ಡ್ ಮುಚ್ಚಿ ಮೂಲ ಟೆಂಪ್ಲೇಟನ್ನು ತೆಗೆದೆ. ವರ್ಡ್ ತಾನೇ ಹೊಸದನ್ನು ಮಾಡಿಕೊಂಡಿತು. ಫೈಲುಗಳನ್ನು ಮ್ಯಾಕ್ರೋ ಇಲ್ಲದ ರೂಪದಲ್ಲಿ ಉಳಿಸಿ, ಗುರುತಿಲ್ಲದ ಮ್ಯಾಕ್ರೋಗಳು ತಾವಾಗಿ ನಡೆಯದಂತೆ ತಡೆ ಹಾಕಿದೆ. ಮತ್ತೆಂದೂ ಬರಲಿಲ್ಲ.

"ನೋಡಿ, ಬಾಯಿ ಹೋದ್ರು, ವೈರಸ್ಸೂ ಹೋಯ್ತು," ಎಂದರು ಸಂಜೀವಣ್ಣ.

ನಾನು ಗುಟ್ಟಾಗಿ ಮಾಡಿದ ಶುದ್ಧಿಯೇ ನಿಮ್ಮ ಅಪರಾಧಕ್ಕೆ ಸಾಕ್ಷಿಯಾಯಿತು. ಬಂದರಿನವರೆಗಿನ ಪ್ರೆಸ್ಸುಗಳಲ್ಲೆಲ್ಲ ನಿಮ್ಮ ಹೆಸರು 'ವೈರಸ್ ಬಾಯಿ'. ಯಾರೂ ಕೆಲಸ ಕೊಡಲಿಲ್ಲ.

ಇಷ್ಟು ವರ್ಷ ಇದನ್ನು ಹೊತ್ತುಕೊಂಡೇ ತಿಂದೆ, ಮಲಗಿದೆ, ನಿವೃತ್ತನಾದೆ. ಮೊನ್ನೆ ಬಿಜೈ ಮಾರ್ಕೆಟಿನಲ್ಲಿ ನೀವೇ ಕರೆದು ಮಾತಾಡಿಸದಿದ್ದರೆ ಇನ್ನೂ ಹೊರುತ್ತಿದ್ದೆನೇನೋ. ಟೈಪಿಂಗ್ ಬಿಟ್ಟಿರಾ ಎಂದು ಕೇಳಿದೆ— ಕೇಳುವ ಮುಖವಾದರೂ ಎಲ್ಲಿಂದ ಬಂತೋ.

"ಬಿಟ್ಟೆ ರಾಯರೇ. ಇಗರ್ಜಿಯದ್ದೂ ಬೇರೆಯವರಿಗೆ ಕೊಟ್ಟೆ. ಎಲ್ಲರೂ ಹೇಳ್ತಾರಲ್ಲ, ನನ್ನದರಿಂದಲೇ ಬಂದದ್ದೋ ಎಂತದೋ ಅಂತ ಈಗ ನನಗೇ ಸಂಶಯ."

ನನ್ನ ಸುಳ್ಳನ್ನು ನೀವೇ ನಂಬಿದ್ದೀರಿ.

ನಿನ್ನೆ ಸಂಜೀವಣ್ಣನಿಗೆ ಎಲ್ಲ ಹೇಳಿದೆ. "ಹಳೇ ಕಥೆ, ಬಿಡಿ ರಾಯರೇ," ಎಂದು ಚಹಾ ತರಿಸಿದರು. ಬಿಡುವುದಿಲ್ಲ. ನಿಮಗೆ ಆ ಹೆಸರಿಟ್ಟ ಪ್ರೆಸ್ಸುಗಳಿಗೆಲ್ಲ ಹೋಗಿ, ಕೆಲಸದವರೆಲ್ಲ ಇರುವ ಹೊತ್ತಿನಲ್ಲಿ ಹೇಳುತ್ತೇನೆ. ನಕ್ಕರೆ ನಗಲಿ.

ನಿಮ್ಮಲ್ಲಿ ಕ್ಷಮೆ ಕೇಳುವುದಿಲ್ಲ, ಬಾಯಿ. ನನ್ನ ಭಾರ ಇಳಿಸುವ ಕೆಲಸವನ್ನೂ ನಿಮಗೇ ಹಚ್ಚಿದಂತಾದೀತು. ನಿಮ್ಮ ಪೆನ್‌ಡ್ರೈವಿನಲ್ಲಿ ಇಗರ್ಜಿಯದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅಂದು ನೀವು ಕೇಳಿದಾಗ ನಾನು ಹೇಳಬೇಕಾಗಿದ್ದ ಮಾತು ಇದು.