ಅಂಟು ಒಣಗುವಷ್ಟು ಹೊತ್ತು

ಟಕ್, ಟಕ್, ಟಕಟಕ್. ಮರದ ಸುತ್ತಿಗೆ ಪುಸ್ತಕದ ಬೆನ್ನಿನ ಮೇಲೆ ಬೀಳುವ ಆ ಸದ್ದು ಬೆಳಿಗ್ಗೆ ಎಂಟಕ್ಕೆ ಶುರುವಾಯಿತೆಂದರೆ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಕೆಲವರು ಮಾಡಿಕೊಳ್ಳುತ್ತಲೂ ಇದ್ದರು. ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಕಟ್ಟಿಕೊಡುವ ಆ ಮನುಷ್ಯನಿಗೆ ಚರ್ಚಿನ ಸಭೆಯವರು ಇಟ್ಟ ಹೆಸರು ಗಳಿಗೆಯಣ್ಣ. ಎದುರಿಗೆ ಗೌರವದಿಂದ ಕರೆಯುತ್ತಿದ್ದರು, ಬೆನ್ನ ಹಿಂದೆ ನಗುತ್ತಾ.

ಹೊತ್ತು ದೇವರ ಸೊತ್ತು, ನಾವು ಬರೀ ಕಾವಲುಗಾರರು ಎಂಬುದು ಅವನ ನಂಬಿಕೆ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಎಂದು ಬೈಬಲಿನ ಕೀರ್ತನೆಗಾರ ಬೇಡಿಕೊಂಡದ್ದನ್ನು ಅವನು ನಿಮಿಷಗಳ ಲೆಕ್ಕಕ್ಕೆ ಇಳಿಸಿಕೊಂಡಿದ್ದ. ಊಟ ಹತ್ತು ನಿಮಿಷ, ಪ್ರಾರ್ಥನೆ ಇಪ್ಪತ್ತು. ಬಂದವರು ಕೂತು ಹರಟದಿರಲೆಂದು ಅಂಗಡಿಯಲ್ಲಿ ಎರಡನೆಯ ಸ್ಟೂಲೇ ಇಟ್ಟಿರಲಿಲ್ಲ.

"ಇವನು ಪರಲೋಕದ ಬಾಗಿಲಿಗೆ ಹೋದರೆ, ಬೇಗ ತೆಗಿಯಪ್ಪಾ, ಹೊತ್ತಾಯ್ತು ಅಂತ ಬಾಗಿಲು ಕಾಯೋ ಪೇತ್ರನ್ನೇ ಗದರಿಸ್ತಾನೆ ನೋಡ್ತಿರಿ," ಎಂದು ಎದುರಂಗಡಿಯ ಬಡಗಿ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗ ಗಳಿಗೆಯಣ್ಣನಿಗೆ ಒಳಗೊಳಗೇ ಹೆಮ್ಮೆ.

ಅವನಿಗೊಬ್ಬ ಅಣ್ಣ ಇದ್ದ. ಎರಡು ಬೀದಿಯಾಚೆ ಮನೆ. ಹನ್ನೊಂದು ವರ್ಷ ಇಬ್ಬರ ನಡುವೆ ಮಾತಿರಲಿಲ್ಲ. ತಾಯಿ ಸಾಯುವ ದಿನ ಅಣ್ಣ ಮೂರು ಸಲ ಹೇಳಿಕಳಿಸಿದ್ದ. ಮೂರು ಸಲವೂ ತಮ್ಮ ಬಂದೆ ಬಂದೆ ಎಂದಿದ್ದ. ಸಭೆಯ ವಾರ್ಷಿಕೋತ್ಸವಕ್ಕೆ ನಲವತ್ತು ಹಾಡಿನ ಪುಸ್ತಕ ಕಟ್ಟಿ ಮುಗಿಸಬೇಕಿತ್ತು. ಕರ್ತನ ಕೆಲಸ ಅಲ್ಲವೇ, ಅಮ್ಮನೂ ಒಪ್ಪುತ್ತಾಳೆ ಎಂದುಕೊಂಡಿದ್ದ. ಮೂವತ್ತೊಂಬತ್ತನೆಯದನ್ನು ಪ್ರೆಸ್ಸಿನಡಿ ಇಟ್ಟು ಓಡಿಹೋದಾಗ ಅವಳು ಕಣ್ಣು ಮುಚ್ಚಿ ಒಂದು ಗಂಟೆಯಾಗಿತ್ತು.

ಸಮಾಧಿಯ ಬಳಿ ಅಣ್ಣ ಅಂದ: "ಅಮ್ಮ ನಿನಗೆ ಅಂತ ಒಂದು ಮಾತು ಹೇಳಿ ಹೋದಳು ಕಣೋ. ಅದು ನನ್ನ ಹತ್ರ ಇದೆ. ಕೊಡಲ್ಲ. ಪುಸ್ತಕ ಕಟ್ಕೊಂಡು ಇರು."

ಆಮೇಲೆ ಹನ್ನೊಂದು ವರ್ಷ ಒಂದೇ ಪ್ರಾರ್ಥನಾಲಯದ ಎರಡು ಮೂಲೆಗಳಲ್ಲಿ ಇಬ್ಬರೂ ಕೂತರು. ಆ ಒಂದು ಮಾತು ಏನಿರಬಹುದೆಂಬ ಯೋಚನೆ ಮಾತ್ರ ತಮ್ಮನನ್ನು ಬಿಡಲಿಲ್ಲ. ಬೈದಳೋ, ಕ್ಷಮಿಸಿದಳೋ? ದಾರ ಪೋಣಿಸುವಾಗ, ಕಾಗದ ಕತ್ತರಿಸುವಾಗ, ನೆಟ್ಟಗೆ ನೋಡುತ್ತಾ ನಿಂತುಬಿಡುತ್ತಿದ್ದ. ಅವನು ಹೊತ್ತು ಕಳೆಯುತ್ತಿದ್ದದ್ದು ಅದೊಂದಕ್ಕೇ.

ಆಮೇಲೆ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿತ್ತು, ನಾಲಿಗೆಯೂ ಬಿತ್ತು. ಸುದ್ದಿ ಕೇಳಿ ಗಳಿಗೆಯಣ್ಣ ಹೋದ. ಅಣ್ಣ ಅವನನ್ನು ನೋಡಿ ಅತ್ತ, ಅವನೂ ಅತ್ತ. ಹನ್ನೊಂದು ವರ್ಷದ ಹಟ ಹನ್ನೊಂದು ಕ್ಷಣದಲ್ಲಿ ಕರಗಿತು. ಕೆಲವು ವಾರಗಳಲ್ಲಿ ಅಣ್ಣನಿಗೆ ಒಂದೊಂದೇ ಮಾತು ಮರಳತೊಡಗಿತು. ಎಡಗೈಯಿಂದ ತಮ್ಮನ ಅಂಗಿ ಹಿಡಿದು, ಬಾಯಿ ಸೊಟ್ಟ ಮಾಡಿ, ಮೊದಲು ಹೇಳಿದ್ದು "ಅಮ್ಮ" ಎಂದು. ಕೊಡಲ್ಲ ಎಂದಿದ್ದನ್ನು ಕೊಡಲು ಹೊರಟಿದ್ದ.

ಗಳಿಗೆಯಣ್ಣ ದಿನವೂ ಬರುವುದಾಗಿ ಹೇಳಿದ, ಮಾತು ತಪ್ಪಲಿಲ್ಲ. ಹೋಗುವ ಹೊತ್ತನ್ನೂ ಜಾಣತನದಿಂದಲೇ ಹುಡುಕಿಕೊಂಡ. ಹೊಲಿದ ಪುಸ್ತಕದ ಬೆನ್ನಿಗೆ ಅಂಟು ಬಳಿದ ಮೇಲೆ ಅರ್ಧ ಗಂಟೆ ಬಿಡಬೇಕು. ಪೂರ್ತಿ ಒಣಗುವ ಮೊದಲೇ ಸುತ್ತಿಗೆಯಿಂದ ಬಡಿದು ಬೆನ್ನನ್ನು ದುಂಡಗೆ ಮಾಡಬೇಕು. ತಡವಾದರೆ ಅಂಟು ಗಟ್ಟಿಯಾಗಿ ಬೆನ್ನು ಬಿರುಕು ಬಿಡುತ್ತದೆ. ಆ ಅರ್ಧ ಗಂಟೆಯನ್ನು ಅಣ್ಣನಿಗೆ ಕೊಟ್ಟ. ಹೋಗಲು ಆರು ನಿಮಿಷ, ಬರಲು ಆರು. ಉಳಿದದ್ದು ಹದಿನೆಂಟು.

"ಬಂದೆಯಾ? ರೈಲು ಹಿಡಿಯೋನ ಹಾಗೆ ಬಾಗಿಲಲ್ಲೇ ನಿಂತ್ಕೋಬೇಡ, ಚಪ್ಪಲಿಯಾದರೂ ಬಿಡಪ್ಪಾ," ಎಂದು ಅತ್ತಿಗೆ ರೇಗಿಸುತ್ತಿದ್ದಳು.

"ಅಂಟು ಹಾಕಿ ಬಂದಿದೀನಿ ಅತ್ತಿಗೆ."

"ದಿನಾ ಅದೇ ಅಂಟು. ಆ ಅಂಟು ಸ್ವಲ್ಪ ನಿನ್ನ ಸೀಟಿಗೂ ಬಳ್ಕೊಂಡು ಬಾ ಒಂದ್ಸಲ."

ಅವನು ನಗುತ್ತಿದ್ದ, ಗೋಡೆಯ ಗಡಿಯಾರ ನೋಡುತ್ತಿದ್ದ. ಅಣ್ಣನಿಗೆ ಒಂದು ಮಾತು ಹುಡುಕಲು ಐದು ನಿಮಿಷ ಬೇಕಾಗುತ್ತಿತ್ತು. ಅದು ಸಿಗುವಷ್ಟರಲ್ಲಿ ಹಿಂದಿನದು ಜಾರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ. "ಅಮ್ಮ... ನಿಂಗೆ..." ಅಷ್ಟಕ್ಕೆ ಹದಿನೆಂಟು ನಿಮಿಷ ಮುಗಿಯುತ್ತಿತ್ತು.

"ಆತುರ ಬೇಡಣ್ಣ, ನಾಳೆ ಹೇಳು. ಎಲ್ಲಿಗೆ ಓಡಿಹೋಗ್ತೀನಿ ನಾನು?" ಎಂದು ಓಡಿಹೋಗುತ್ತಿದ್ದ.

ಒಂದು ಗುರುವಾರ, ಹನ್ನೊಂದರ ಸುಮಾರಿಗೆ, ಅಣ್ಣ ದಿಂಬಿಗೆ ಒರಗಿ ಕಾಯುತ್ತಾ ಕೂತಿದ್ದ. ಮುಖ ತೊಳೆಸಿಕೊಂಡು ಕೂದಲು ಬಾಚಿಸಿಕೊಂಡಿದ್ದ. ಕಣ್ಣಲ್ಲಿ ಏನೋ ಬೆಳಕು. "ಅಮ್ಮ," ಎಂದ. ಉಸಿರೆಳೆದುಕೊಂಡ. "ನಿಂಗೆ. ಹೇಳು. ಅಂದ್ಳು."

ನಾಲ್ಕು ಮಾತು ಸಾಲಾಗಿ ಬಂದದ್ದು ಅದೇ ಮೊದಲು. ಗಳಿಗೆಯಣ್ಣ ಮುಂದೆ ಬಾಗಿದ. ಅಣ್ಣನ ತುಟಿ ಮುಂದಿನ ಮಾತಿಗೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಗಡಿಯಾರ ಹೊತ್ತಾಯಿತೆಂದು ತೋರಿಸುತ್ತಿತ್ತು. ಅಂಗಡಿಯಲ್ಲಿ ಸಭೆಯ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕ ಇತ್ತು, ನೂರು ವರ್ಷದ ಕಾಗದ, ಒಮ್ಮೆ ಬಿರುಕು ಬಿಟ್ಟರೆ ಮತ್ತೆ ಸರಿಹೋಗದು. ಇನ್ನೆರಡು ನಿಮಿಷ ಕೂತ. ಮೂರನೆಯದಕ್ಕೆ ಎದ್ದ.

ಅಣ್ಣ ಅವನ ಮಣಿಕಟ್ಟು ಹಿಡಿದುಕೊಂಡ. ಒಂದೇ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಹಳೆಯ ಪುಸ್ತಕದಿಂದ ಹೊಲಿಗೆಯ ದಾರ ಬಿಡಿಸುವಂತೆ ಗಳಿಗೆಯಣ್ಣ ಆ ಬೆರಳುಗಳನ್ನು ಒಂದೊಂದಾಗಿ, ನೋಯದಂತೆ, ಬಿಡಿಸಿದ.

"ಇಷ್ಟು ಬಂತಲ್ಲಣ್ಣ. ಉಳಿದದ್ದು ನಾಳೆ ಬರುತ್ತೆ."

ದಾಖಲೆ ಪುಸ್ತಕದ ಬೆನ್ನು ಸೊಗಸಾಗಿ ಬಂತು. ಮಧ್ಯಾಹ್ನ ಮೂರೂವರೆಗೆ ಅಣ್ಣ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ, ನೆಂಟರೆಲ್ಲ ಎದ್ದುಹೋಗುವವರೆಗೆ ಗಳಿಗೆಯಣ್ಣ ಕಾದ. ಆ ದಿನ ಅವನು ಗಡಿಯಾರ ನೋಡಲಿಲ್ಲ.

"ಅತ್ತಿಗೆ, ಅಮ್ಮ ಏನಂದಳು ಅಂತ ಅಣ್ಣ ನಿಮಗೆ ಹೇಳಿದ್ದನಾ?"

ಅತ್ತಿಗೆ ಹಾಸಿಗೆ ಮಡಚುತ್ತಿದ್ದಳು. "ಇಲ್ಲ."

"ಯಾವತ್ತಾದರೂ? ಹುಷಾರಾಗಿದ್ದಾಗ?"

"ನೂರು ಸಲ ಕೇಳಿದೀನಿ. ಅದು ಅವನದು, ನಿನಗ್ಯಾಕೆ ಅಂತ ಬಾಯಿ ಮುಚ್ಚಿಸೋರು. ಗುರುವಾರ ಬೆಳಿಗ್ಗೆ ಐದಕ್ಕೇ ಎದ್ದು, ಗೋಡೆ ಕಡೆ ಮುಖ ಮಾಡ್ಕೊಂಡು, ಅದನ್ನೇ ಅಭ್ಯಾಸ ಮಾಡಿದರು. ನಾನು ಒಳಗೆ ಬಂದರೆ ನಿಲ್ಲಿಸಿಬಿಡೋರು." ಅವಳು ಮಡಚಿದ ಕಂಬಳಿಯನ್ನು ಅವನ ಕೈಗೆ ತುರುಕಿದಳು. "ಗೋಡೆಗೆ ಗೊತ್ತಿರುತ್ತೆ. ಅದಕ್ಕೆ ಯಾವ ಕೆಲಸವೂ ಇರಲಿಲ್ಲ, ಕೇಳಿಸಿಕೊಂಡಿತು. ಹೋಗಿ ಅದನ್ನ ಕೇಳು."

ತಿಂಗಳಾದ ಮೇಲೆ ಸಭಾಪಾಲಕರು ಅಂಗಡಿಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಚುರುಕಿನವರು. ಕೂರಲು ಜಾಗವಿಲ್ಲದ್ದರಿಂದ ನಿಂತೇ ಮಾತಾಡಿದರು.

"ಮುಂದಿನ ಭಾನುವಾರ ಗಂಡಸರ ಕೂಟದಲ್ಲಿ ನೀವೇ ಮಾತಾಡಬೇಕು ಅಣ್ಣಾವ್ರೇ. ವಿಷಯ ವಿಶ್ವಾಸಿಯ ಜೀವನದಲ್ಲಿ ಸಮಯದ ಸದುಪಯೋಗ. ನಿಮ್ಮನ್ನ ಬಿಟ್ಟರೆ ಇನ್ಯಾರಿದಾರೆ?"

ಗಳಿಗೆಯಣ್ಣ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ. "ಅಯ್ಯನವರೇ, ಒಂದು ಕೇಳ್ಲಾ? ಸುವಾರ್ತೆಯಲ್ಲಿ ಆ ಯಾಯೀರನ ಮಗಳು ಸಾಯೋ ಸ್ಥಿತಿಯಲ್ಲಿದ್ದಳು. ಅವಳನ್ನ ಉಳಿಸೋಕೆ ಕರ್ತ ಸ್ವಾಮಿ ಅಲ್ಲಿಗೇ ಹೊರಟಿದ್ರು. ದಾರೀಲಿ ಆ ರೋಗದ ಹೆಂಗಸು ಅವರ ಬಟ್ಟೆ ಮುಟ್ಟಿದಳು. ಮುಟ್ಟಿದ ಕೂಡಲೇ ವಾಸಿಯಾಯ್ತಲ್ಲ, ಮುಂದೆ ಹೋಗಬಹುದಿತ್ತು. ಆದರೂ ಅವಳು ಇದ್ದದ್ದೆಲ್ಲ ಹೇಳಿ ಮುಗಿಸೋವರೆಗೆ ನಿಂತರು. ಹನ್ನೆರಡು ವರ್ಷದ ಕಾಯಿಲೆಯ ಕಥೆ. ಎಷ್ಟು ಹೊತ್ತು ಹಿಡಿದಿರಬಹುದು?"

"ಒಳ್ಳೆ ಪ್ರಶ್ನೆ," ಎಂದ ಅಯ್ಯನವರು ಕೈಗಡಿಯಾರ ನೋಡಿಕೊಂಡರು. "ನಿಧಾನವಾಗಿ ಕೂತು ಮಾತಾಡೋಣ. ಈಗ ಹಿರಿಯರ ಸಭೆ ಇದೆ. ನಿಮ್ಮ ಭಾಷಣಕ್ಕೆ ಮೂರು ಅಂಶ ನಾನೇ ಬರೆದು ತಂದಿದೀನಿ. ಮೊದಲನೇದು, ಬೆಳಿಗ್ಗೆ ಬೇಗ ಏಳೋದು. ಎರಡನೇದು, ರೋಗಿಗಳ ಭೇಟಿ. ಅಷ್ಟು ಕೆಲಸದ ನಡುವೆಯೂ ನಿಮ್ಮ ಅಣ್ಣನ್ನ ದಿನಾ ಹೋಗಿ ನೋಡ್ತಿದ್ರಲ್ಲ, ಒಂದು ದಿನವೂ ತಪ್ಪಿಸದೆ. ಅದನ್ನೇ ಸಾಕ್ಷಿಯಾಗಿ ಹೇಳಿ, ಜನಕ್ಕೆ ತಟ್ಟುತ್ತೆ. ಇನ್ನು ಮೂರನೇದು..."

ಗಳಿಗೆಯಣ್ಣ ಎದ್ದ. ಅಯ್ಯನವರ ಪಕ್ಕದಲ್ಲೇ ಹಾದು, ಹೊಸಿಲು ದಾಟಿ, ಬೀದಿಗಿಳಿದ.

"ಒಂದೇ ನಿಮಿಷ ಅಣ್ಣಾವ್ರೇ, ಮೂರನೇದು ಹೇಳಿಬಿಡ್ತೀನಿ," ಎಂದರು ಅಯ್ಯನವರು, ಚೀಟಿ ಹಿಡಿದುಕೊಂಡೇ. ಅಷ್ಟರಲ್ಲಿ ಅವನು ಅಣ್ಣನ ಮನೆಯ ಕಡೆಗೆ ಹೋಗುವ ಬೀದಿಯ ತಿರುವಿನಲ್ಲಿದ್ದ.