ಅಪ್ಪನ ಮೇಲಿನ ಕೇಸು

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಬಳ್ಳಾರಿಯಲ್ಲಿ ಒಂದು ಹೊಸ ಗೀಳು ಹತ್ತಿಕೊಂಡಿತು. ಜೈಲಿಗೆ ಹೋಗಿ ಬಂದವರಿಗೆಲ್ಲ ತಾವು ಜೈಲಿಗೆ ಹೋಗಿದ್ದು ನಿಜವೆಂದು ಕಾಗದದಲ್ಲಿ ಬೇಕಾಯಿತು. ಯಾವ ಠಾಣೆಯವರು ಹಿಡಿದರು, ಯಾವ ಸೆಕ್ಷನ್ ಹಾಕಿದರು, ಯಾವಾಗ ಒಳಗೆ ತಳ್ಳಿದರು, ಎಲ್ಲವನ್ನೂ ಹಳೆಯ ದಫ್ತರದಲ್ಲಿ ಹುಡುಕಿಸಿ ನಕಲು ತೆಗೆಸಬೇಕು. ಹೀಗೆ ಹುಡುಕುವವರು ನನ್ನ ಹತ್ತಿರ ಬರುತ್ತಿದ್ದರು. ಇವನಿಗೆ ಇಂಗ್ಲಿಷ್ ಬರುತ್ತದೆ, ಹಿಂದೆ ಸ್ವಂತ ಅಪ್ಪನನ್ನೇ ಹುಡುಕಿ ತೆಗೆದವನು ಎಂದು ಯಾರೋ ಪುಣ್ಯಾತ್ಮರು ಹಬ್ಬಿಸಿದ್ದರು. ಹುಡುಕಿದ್ದು ಸುಳ್ಳಲ್ಲ. ಹೇಗೆ ಹುಡುಕಿದೆ ಎಂಬುದು ಗೊತ್ತಿದ್ದರೆ ಒಬ್ಬರೂ ನನ್ನ ಮನೆಯ ಕಟ್ಟೆ ಹತ್ತುತ್ತಿರಲಿಲ್ಲ.

ಅದು ನಲವತ್ತೆರಡರ ಚಳವಳಿಯ ಕಾಲ. ನಾನು ಕೌಲ್ ಬಜಾರಿನಲ್ಲಿ ಕೋಣೆ ಮಾಡಿಕೊಂಡು ಬಳ್ಳಾರಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಮೆರವಣಿಗೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಘೋಷಣೆ ಕೂಗಿದವನೂ ನಾನೇ, ಲಾಠಿ ಕಂಡೊಡನೆ ಎಲ್ಲರಿಗಿಂತ ಮೊದಲು ಕಾಲಿಗೆ ಬುದ್ಧಿ ಹೇಳಿದವನೂ ನಾನೇ. ಒಂದು ಬಟ್ಟೆ ಅಂಗಡಿಗೆ ನುಗ್ಗಿ, ಪೊಲೀಸರು ದಾಟಿ ಹೋಗುವ ತನಕ ಕುಪ್ಪಸದ ಖಣ ಆರಿಸುತ್ತ ನಿಂತಿದ್ದೆ. ಯಾರಿಗೆ ಖಣ ಎಂದು ಅಂಗಡಿಯವನು ಕೇಳಿದರೆ ಇನ್ನೊಂದು ಬಣ್ಣ ತೋರಿಸೆಂದೆ. ಶಾಲೆ ಮುಚ್ಚಿತು, ನಾನು ಸಿರಿಗೇರಿಗೆ, ನಮ್ಮ ಮನೆಗೆ ಬಂದು ಬಿದ್ದೆ.

ಅದೇ ಹೊತ್ತಿಗೆ ಅಪ್ಪ ಗಾಡಿ ಕಟ್ಟಿಕೊಂಡು ಬಳ್ಳಾರಿಗೆ ಹೋಗಿದ್ದ. ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾಗಿತ್ತು. ಬಿತ್ತನೆಗೆ ಮೊದಲು ಕೌಲ್ ಬಜಾರಿನ ಕಮ್ಮಾರನ ಹತ್ತಿರ ಬಿಗಿ ಮಾಡಿಸಬೇಕಿತ್ತು. ಹೋದವನು ಬರಲಿಲ್ಲ. ನಮ್ಮ ಓಣಿಯವನೊಬ್ಬ ಬಳ್ಳಾರಿಯಿಂದ ಬಂದು ಹೇಳಿದ: “ನಿಮ್ಮಪ್ಪನ್ನ ಪೊಲೀಸ್ರು ಹಿಡ್ಕೊಂಡು ಹೋಗಾದು ನೋಡಿದೆ. ಹಿಂದ ಚಳವಳಿ ಹುಡುಗ್ರನ್ನೂ ಕರ್ಕೊಂಡು ಹೊಂಟಿದ್ರು.”

ಹಿಡಿದವರನ್ನು ವೆಲ್ಲೂರಿನ ಕಡೆ ದೂರದ ಜೈಲಿಗೆ ಸಾಗಿಸುತ್ತಾರೆ, ಅಲ್ಲಿಂದ ಹೆಣವೂ ಬರುವುದಿಲ್ಲ ಎಂಬ ಮಾತು ಊರಲ್ಲಿತ್ತು. ಸಾಗಿಸುವುದಕ್ಕೆ ಮೊದಲು ಅವನು ಎಲ್ಲಿದ್ದಾನೆಂದು ತಿಳಿಯಬೇಕು, ಬಿಡಿಸಿಕೊಂಡು ಬರಬೇಕು, ಅವ್ವನಿಗೆ ಬೇಕಾದದ್ದು ಅಷ್ಟೇ. ನನಗೂ ಹೆದರಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿಕೆಯ ಮಗ್ಗುಲಲ್ಲೇ ಒಂದು ಹೆಮ್ಮೆ ಎದ್ದು ಕೂತಿತ್ತು: ನಾನು ದೇಶಭಕ್ತನ ಮಗ. ಖಣದ ಅಂಗಡಿಯ ಅವಮಾನವನ್ನು ಅಪ್ಪ ತೊಳೆದುಬಿಟ್ಟ ಹಾಗಾಯಿತು.

ಅವ್ವ ರೊಟ್ಟಿಯ ಗಂಟು ಕಟ್ಟಿಕೊಂಡಳು. ನಮ್ಮೂರು ಸಿರುಗುಪ್ಪ ಠಾಣೆಗೆ ಸೇರಿದ್ದು. ಎಲ್ಲಿ ಹಿಡಿದರೂ ಅಲ್ಲಿಗೆ ಸುದ್ದಿ ಬಂದಿರುತ್ತದೆಂದು ಮೊದಲು ಅಲ್ಲಿಗೇ ಹೋದೆವು. ಕಚೇರಿಯ ರೀತಿ ನಿನಗೆ ತಿಳಿಯುವುದಿಲ್ಲ ಎಂದು ಅವಳನ್ನು ಹೊರಗೆ ಬೇವಿನ ಮರದಡಿ ಕೂರಿಸಿ ನಾನೊಬ್ಬನೇ ಒಳಗೆ ಹೋದೆ.

“ಯಾವ ಕೇಸಪ್ಪಾ?” ಎಂದ ಠಾಣೆಯ ದಫ್ತರ ಬರೆಯುವ ರೈಟರ್.

“ದೇಶದ ಕೇಸ್ರಿ,” ಎಂದೆ ಎದೆ ಉಬ್ಬಿಸಿ.

ಅವನು ಚಳವಳಿಯವರ ಪಟ್ಟಿ ನೋಡಿ ಇಲ್ಲವೆಂದ. ಬಳ್ಳಾರಿಯ ದಾರಿಯಲ್ಲಿದ್ದ ಕುರುಗೋಡಿನ ಠಾಣೆಗೆ ಹೋದೆವು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಎದೆ, ಅದೇ ಪಟ್ಟಿ, ಅದೇ ಇಲ್ಲ. ಆದರೆ ಠಾಣೆಯಿಂದ ಹೊರಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಚಹದಂಗಡಿಯ ಮುಂದೆ ನಾಲ್ಕು ಜನ ಸೇರಿದರು, ಒಬ್ಬರು ಹೂವಿನ ಹಾರವನ್ನೂ ತಂದರು. ಹಾರ ಕೊರಳಿಗೆ ಬಿದ್ದ ಮೇಲೆ ನನ್ನ ನಾಲಿಗೆಯನ್ನು ಹಿಡಿಯುವವರಿಲ್ಲ. ಅಪ್ಪ ಹೇಗೆ ಬಾಲ್ಯದಿಂದಲೇ ಪರಕೀಯರ ಆಳ್ವಿಕೆಗೆ ಕುದಿಯುತ್ತಿದ್ದ, ಹೊಲ ಹೂಡುವಾಗಲೂ ದೇಶವನ್ನೇ ನೆನೆಯುತ್ತಿದ್ದ ಎಂದು ಭಾಷಣ ಬಿಗಿದೆ. ಅಪ್ಪ ಹೊಲ ಹೂಡುವಾಗ ಎತ್ತುಗಳನ್ನು ಬೈಯುತ್ತಿದ್ದದ್ದನ್ನು ಬಿಟ್ಟು ಬೇರೇನನ್ನೂ ನಾನು ಕೇಳಿರಲಿಲ್ಲ.

ಅವ್ವ ಆಚೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ದಾರಿಯಲ್ಲಿ ಕೇಳಿದಳು, “ಅಷ್ಟೊತ್ತು ಯಾರ ಬಗ್ಗೆ ಹೇಳಿದಿ?”

“ಅಪ್ಪನ ಬಗ್ಗೆ.”

“ಯಾರೋ ಬ್ಯಾರೆದವ್ರು ಅನ್ಕೊಂಡೆ,” ಎಂದಳು.

ಬಳ್ಳಾರಿಯಲ್ಲಿ ಠಾಣೆಯ ರೈಟರ್ ತೆಲುಗು ಮಾತಿನವನು, ಸೌಮ್ಯ ಮನುಷ್ಯ. ಚಳವಳಿಯವರ ಪಟ್ಟಿಯಲ್ಲಿ ಅಪ್ಪ ಅಲ್ಲಿಯೂ ಇಲ್ಲ. ಇನ್ನೂ ಬರೆದುಕೊಳ್ಳದವರು ಬೇಕಾದಷ್ಟು ಜನ ಇದ್ದಾರೆ, ಒಂದು ಅರ್ಜಿ ಕೊಟ್ಟು ಹೋಗು ಎಂದ. ಅರ್ಜಿ ಎಂದರೆ ನನಗೆ ಹಬ್ಬ. ಮೆಟ್ಟಿಲ ಮೇಲೆ ಕೂತು ಇಂಗ್ಲಿಷಿನಲ್ಲಿ ಎರಡು ಪುಟ ತುಂಬಿಸಿದೆ. ನನ್ನ ತಂದೆ ಚಳವಳಿಯ ನಿರ್ಭೀತ ಸೈನಿಕ, ಸಿರುಗುಪ್ಪ ಕಡೆಯ ಹಳ್ಳಿಗಳನ್ನೆಲ್ಲ ಎಚ್ಚರಿಸಿದವನು, ಅವನನ್ನು ಎಲ್ಲಿ ಇಟ್ಟಿದ್ದೀರೆಂದು ತಿಳಿಯುವ ಹಕ್ಕು ನಮಗಿದೆ. ಮೇಷ್ಟರು ಕಲಿಸಿದ್ದ ದೊಡ್ಡ ದೊಡ್ಡ ಪದಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಆ ರಾತ್ರಿ ನನ್ನ ಕೋಣೆಯಲ್ಲಿ ತಂಗಿದೆವು. ಅವ್ವ ರೊಟ್ಟಿ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದವಳೇ ಕೇಳಿದಳು: “ಎತ್ತು ಎಲ್ಲಿ ಅದಾವಂತ ಕೇಳಿದ್ಯೇನು?”

ಕೇಳಿರಲಿಲ್ಲ. ಗಾಡಿ ಕಟ್ಟಿಕೊಂಡು ಹೋದ ಮನುಷ್ಯನನ್ನು ಊರೂರು ಹುಡುಕಿದ ನನಗೆ, ಪೊಲೀಸರು ಅವನನ್ನು ಹಿಡಿದಾಗ ಎತ್ತುಗಳೂ ಎಲ್ಲಾದರೂ ಇರಲೇಬೇಕು ಎಂದು ಹೊಳೆದಿರಲಿಲ್ಲ. ಅವಳಾದರೂ ಉಪಾಯವೆಂದು ಕೇಳಿದ್ದಲ್ಲ. ಎತ್ತು ಉಪವಾಸ ಇದ್ದಾವೆಂಬ ಸಂಕಟಕ್ಕೆ ಕೇಳಿದ್ದಳು. ಬಿಡಾಡಿ ದನ ಕಟ್ಟುವ ದೊಡ್ಡಿಗೆ ಹೋದೆವು. ನಮ್ಮ ಎತ್ತುಗಳು ಮೂಲೆಯಲ್ಲಿ ಹುಲ್ಲು ಮೇಯುತ್ತ ನಿಂತಿದ್ದವು. ಅವ್ವನನ್ನು ಕಂಡು ಒಂದು ಎತ್ತು ಕೊರಳು ಚಾಚಿತು, ಅವಳು ಅದರ ಕೊರಳಡಿಯ ಗಂಗೆದೊಗಲಿಗೆ ಮುಖ ಒತ್ತಿ ಅತ್ತಳು.

ದೊಡ್ಡಿಯವನು ಎತ್ತುಗಳ ಬಣ್ಣ, ಕೊಂಬು, ಸುಳಿ ಎಲ್ಲ ಬರೆದಿಟ್ಟಿದ್ದ. ಅದರ ಕೆಳಗೆ ಯಜಮಾನನ ವಿಷಯವೂ ಇತ್ತು: ಕತ್ತಲಾದ ಮೇಲೆ ದೀಪವಿಲ್ಲದೆ ಗಾಡಿ ಹೊಡೆದದ್ದು, ಒಂದು ವಾರ ಸಜೆ.

ದೇಶದ ಕೇಸಲ್ಲ, ದೀಪದ ಕೇಸು. ಬೆಳದಿಂಗಳು ಇಷ್ಟು ಇರುವಾಗ ದೀಪ ಯಾಕೆಂದು ಅಪ್ಪ ಪೊಲೀಸನ ಜೊತೆ ವಾದಕ್ಕೆ ಇಳಿದಿದ್ದನಂತೆ, ದಂಡ ಕಟ್ಟಲು ಒಪ್ಪಲಿಲ್ಲವಂತೆ. ನನ್ನ ಮುಖದ ಮೇಲೆ ಯಾರೋ ಸಗಣಿ ನೀರು ಎರಚಿದ ಹಾಗಾಯಿತು. ಕುರುಗೋಡಿನ ಹಾರ ನೆನಪಾಗಿ ಕೊರಳು ತುರಿಸಿತು. ಅವ್ವನಿಗೆ ಮಾತ್ರ ಜೀವ ಬಂದಿತ್ತು. “ವಾರ ಮುಗೀತಲ್ಲ, ಇವತ್ತು ಬಿಡ್ತಾರ, ನಡಿ,” ಎಂದು ಮುಂದೆ ಮುಂದೆ ನಡೆದಳು.

ಜೈಲಿನ ಬಾಗಿಲಲ್ಲಿ ನಮ್ಮ ಅದೇ ಸೌಮ್ಯ ರೈಟರ್ ನಿಂತಿದ್ದ, ಕೈಯಲ್ಲಿ ನನ್ನ ಎರಡು ಪುಟ.

“ಏಮಯ್ಯಾ, ಇದನ್ನ ಬರೆದವ ನೀನೇ ಅಲ್ಲಾ? ನಿಮ್ಮಪ್ಪನ್ನ ಬೆಳಿಗ್ಗೆ ಬಿಡಬೇಕಾಗಿತ್ತು. ನಿನ್ನ ಅರ್ಜಿ ಇನ್‌ಸ್ಪೆಕ್ಟರ್ ಓದಿದ್ರು. ಇಷ್ಟು ದೊಡ್ಡ ಚಳವಳಿಗಾರನ್ನ ದೀಪದ ಕೇಸಿನಾಗ ಬಿಡಾಕ ಆಗಾದಿಲ್ಲ ಅಂದ್ರು.”

ಅದು ಬರೀ ಬಡಾಯಿರಿ, ಸುಳ್ಳುರಿ ಎಂದು ಅವನ ಕೈ ಹಿಡಿದೆ. ಅವನಿಗೂ ಕನಿಕರ ಬಂತು. ಇನ್‌ಸ್ಪೆಕ್ಟರ್ ಒಂದು ದಾರಿ ಹೇಳಿದ್ದಾರೆ ಎಂದ. ಅಪ್ಪನೇ ಹೇಳಿದ ಹಾಗೆ, ನನಗೂ ಚಳವಳಿಗೂ ಸಂಬಂಧವಿಲ್ಲ, ನನ್ನ ಜೊತೆ ಜೈಲಿನಲ್ಲಿ ಇರುವ ಹುಡುಗರು ಪುಂಡರು, ಅವರು ಕಲ್ಲು ತೂರಿದ್ದನ್ನು ನಾನು ಅವರ ಬಾಯಿಂದಲೇ ಕೇಳಿದ್ದೇನೆ ಎಂದು ಹೇಳಿಕೆ ಬರೆದು, ಅಪ್ಪನ ಹೆಬ್ಬೆಟ್ಟು ಒತ್ತಿಸಬೇಕು. ಅಲ್ಲೇ ಗೋಡೆಗೆ ಕಾಗದ ಹಿಡಿದು ಬರೆದೆ. ನಿನ್ನೆ ಅಪ್ಪನನ್ನು ಸೈನಿಕ ಮಾಡಿದ ಅದೇ ಕೈ, ಅದೇ ಉತ್ಸಾಹ. ಪುಂಡರು ಎಂಬುದು ಸಪ್ಪೆಯೆನಿಸಿ ಕಡುಪುಂಡರು ಎಂದು ಹಾಕಿದೆ.

ಅಪ್ಪನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಬಡವಾಗಿದ್ದ. ಅವ್ವನನ್ನು ನೋಡಿದ, ಆಮೇಲೆ ನನ್ನನ್ನು. ನಾನು ಓದಿ ಹೇಳಿದೆ. ಅವನು ಶಾಯಿಗೆ ಚಾಚಿದ್ದ ಹೆಬ್ಬೆಟ್ಟನ್ನು ಹಿಂದಕ್ಕೆ ತೆಗೆದುಕೊಂಡ.

“ಗಾಡಿಗೆ ದೀಪ ಇದ್ದಿಲ್ಲ, ಅದು ಖರೆ. ಅದಕ್ಕ ಒತ್ತಂದ್ರ ಒತ್ತತೀನಿ. ಆ ಹುಡುಗ್ರು ಪುಂಡ್ರಲ್ಲ. ಒಬ್ಬಗ ಜ್ವರ ಬಂದು ಸಾಯಾಂಗ ಆಗಿದ್ದ, ಉಳಿದವ್ರು ತಮ್ಮ ಗಂಜಿ ಅವಗ ಕೊಟ್ಟು ಖಾಲಿ ಹೊಟ್ಟೀಲೆ ಮಲಗಿದ್ರು. ನಾ ಕಣ್ಣಾರೆ ನೋಡೀನಿ.”

“ಅಪ್ಪಾ, ಬರೇ ಕಾಗದ ಅದು,” ಎಂದೆ.

“ಇದನ್ನ ತೋರ್ಸಿ ಅವರನ್ನ ಬಡೀತಾರ. ನನಗ ಗೊತ್ತಾಗಾದಿಲ್ಲೇನಲೇ?”

“ಒತ್ತಲಿಲ್ಲಂದ್ರ ನಾಳೆ ಅವ್ರ ಜತೀಗೇ ವೆಲ್ಲೂರಿಗೆ ಹೋಗ್ತೀಯ,” ಎಂದ ರೈಟರ್, ತಗ್ಗಿದ ದನಿಯಲ್ಲಿ.

ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ನನಗೆ ಅವನ ಮೇಲೆ ಸಿಟ್ಟು ಬಂತು, ಅಳು ಬಂತು, ಬಟ್ಟೆ ಅಂಗಡಿಯಲ್ಲಿ ಅಡಗಿದಾಗಲೂ ಆಗದಷ್ಟು ನಾಚಿಕೆಯಾಯಿತು. ನಾನು ಇಂಗ್ಲಿಷಿನಲ್ಲಿ ಬರೆದ ಅಪ್ಪ ಈಗ ನನ್ನೆದುರಿಗೇ ನಿಂತಿದ್ದ, ನನ್ನ ಕಾಗದವನ್ನು ತಳ್ಳಿ. ನನಗೆ ಬೇಕಾದದ್ದು ಮನೆಗೆ ಬರುವ ಅಪ್ಪ. ಅವ್ವನ ಕಡೆ ತಿರುಗಿದೆ. ಅವಳು ಕಾಲು ಹಿಡಿದಾದರೂ ಒಪ್ಪಿಸುತ್ತಾಳೆ ಎಂದುಕೊಂಡೆ.

ನಮ್ಮ ಕಡೆ ಹೆಂಡತಿ ಹೊರಗಿನವರ ಎದುರು ಗಂಡನೊಡನೆ ನೇರವಾಗಿ ಮಾತಾಡುವುದಿಲ್ಲ. ಮಕ್ಕಳಿಗೆ ಹೇಳಿದಂತೆ ಮಾಡಿ ಗಂಡನಿಗೆ ಹೇಳುತ್ತಾಳೆ. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ರೊಟ್ಟಿಯ ಗಂಟನ್ನು ಅಪ್ಪನಿಗೆ ಕೊಡೆಂದು ನನ್ನ ಕೈಗಿಟ್ಟಳು.

“ಬಿತ್ತಿಗಿ ನಾ ಮಾಡಿಸ್ತೀನಂತ ನಿಮ್ಮಪ್ಪಗ ಹೇಳು,” ಎಂದಳು.

ಅಪ್ಪ ಎರಡು ಮಾರು ದೂರದಲ್ಲೇ ನಿಂತಿದ್ದ, ಅವನಿಗೆ ಕೇಳಿಸಿತ್ತು. ಆದರೂ ರೀತಿ ಬಿಡದೆ, ನಾನು ಹೇಳಲೆಂದು ನನ್ನ ಮುಖ ನೋಡುತ್ತ ಕಾದ. ಊರೂರಿಗೆ ಅವನ ಬಗ್ಗೆ ಮಾತು ಹೆಣೆದು ಬಂದ ನನಗೆ ಆ ಒಂದು ಮಾತನ್ನು ಅವನಿಗೆ ಮುಟ್ಟಿಸಲು ಬಾಯಿ ಬರಲಿಲ್ಲ.