ಕೋಳಿ ಕಾಯಲು ತಂದ ನಾಯಿ

ಎರಡು ವರ್ಷದ ಹಿಂದಿನ ಮಾತು. ನಾನೂ ನಮ್ಮ ಯಜಮಾನರೂ ಒಂದು ನಾಯಿಮರಿ ಆರಿಸಿ ತರಲು ತುರುವೇಕೆರೆಯಿಂದ ಹುಳಿಯಾರಿನ ಕಡೆಗೆ ಬೈಕಿನಲ್ಲಿ ಹೊರಟಿದ್ದೆವು. ನಾಯಿ ಬೇಕಾಗಿದ್ದು ಮನೆ ಕಾಯುವುದಕ್ಕಲ್ಲ, ಕೋಳಿ ಕಾಯುವುದಕ್ಕೆ.

ನಮ್ಮದು ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ. ಇವರಿಗ್ಯಾಕೆ ಕೋಳಿ ಎಂದು ಊರಲ್ಲಿ ನಗದವರಿಲ್ಲ. ಗೊಬ್ಬರದ ಗುಂಡಿಯಲ್ಲಿ ಬೆಳೆಯುವ ಗೊಣ್ಣೆಹುಳ ರೆಕ್ಕೆ ಬಂದು ದುಂಬಿಯಾದ ಮೇಲೆ ತೆಂಗಿನ ಸುಳಿಯನ್ನೇ ಕೊರೆದುಹಾಕುತ್ತದೆ. ಕೋಳಿ ಬಿಟ್ಟರೆ ಕೆದಕಿ ತಿಂದು ಮುಗಿಸುತ್ತವೆ ಎಂದು ಯಾರೋ ಹೇಳಿದ್ದರು. ನೋಡೇ ಬಿಡೋಣ ಎಂದು ಒಂದಷ್ಟು ನಾಟಿ ಕೋಳಿ ತಂದು ಬಿಟ್ಟೆ. ನಿಜಕ್ಕೂ ತಿಂದವು. ಮೊಟ್ಟೆಗಳು ತೋಟದ ಕೆಲಸಕ್ಕೆ ಬರುವವರ ಪಾಲಾದವು. ಆದರೆ ಬೀದಿನಾಯಿಗಳ ಹಿಂಡು ಬೇಲಿ ನುಸುಳಿ ಬಂದು ಆಗಾಗ ಒಂದೊಂದನ್ನು ಹಿಡಿಯತೊಡಗಿತು.

ನಮ್ಮ ಅತ್ತೆಗೆ ಮೊದಲಿನಿಂದಲೂ ಕೋಳಿ ಎಂದರೆ ಆಗದು. ಪುಕ್ಕ ತಾಗಿದರೂ ಸ್ನಾನ ಮಾಡುತ್ತಿದ್ದರು. ಒಂದು ದಿನ ಗುಂಡಿಯ ಹತ್ತಿರ ಹರಿದ ರೆಕ್ಕೆ ಬಿದ್ದಿದ್ದನ್ನು ನೋಡಿ, "ಇನ್ನೊಂದು ಜೀವ ಹೋದ್ರೆ ಎಲ್ಲಾನೂ ಯಾರ್ಗಾದ್ರೂ ಕೊಟ್ಬುಡು ಕಣೇ. ನನ್ ಕೈಲಿ ನೋಡಕ್ಕಾಗಲ್ಲ" ಅಂದರು. ಅತ್ತೆ ಒಂದು ಸಲ ಅಂದರೆ ಮುಗಿಯಿತು. ನನಗೋ ಆ ಕೋಳಿಗಳೆಂದರೆ ಪ್ರಾಣ. ಹಾಗಾಗಿ ನಾಯಿ ಹುಡುಕಿಕೊಂಡು ಹೊರಟಿದ್ದು.

ಕುರಿ ಸಾಕಿದ್ದ ಕರಿಯಣ್ಣನ ರೊಪ್ಪದಲ್ಲಿ ಮೂರು ಮರಿಗಳಿದ್ದವು. ಕರಿ ಮರಿಯೊಂದು ಓಡಿ ಬಂದು ನಮ್ಮ ಯಜಮಾನರ ಪ್ಯಾಂಟು ಕಚ್ಚಿ ಎಳೆಯಿತು. "ಚುರುಕಾಗೈತೆ, ಇದೇ ಇರ್ಲಿ" ಅಂದರು ಇವರು. ನನ್ನ ಕಣ್ಣು ಮಾತ್ರ ಮೂಲೆಯ ಕೆಂಚು ಮರಿಯ ಮೇಲಿತ್ತು. ಕುರಿಮರಿಗಳು ಮೈಮೇಲೆ ಕಾಲಿಟ್ಟರೂ ಅದು ಸುಮ್ಮನೆ ಮಲಗಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

"ನಿಮ್ ತಾವ ಓಡ್ ಬಂದಿದ್ದು ಮನೇಗೆ ಸರಿ ಕಣಣ್ಣ. ಕುರಿ ಬುಟ್ಟು ಬರ್ದೆ ಇರೋದು ಮಂದೇಗೆ" ಅಂದ ಕರಿಯಣ್ಣ.

"ಕೋಳಿ ಕಾಯುತ್ತಾ?" ಎಂದು ಕೇಳಿದೆ.

ಅವನಿಗೆ ನಗು ಬಂತು. "ಕೋಳಿಗೆ ಅಂತ ಇವತ್ತಿನವರ್ಗೂ ಯಾರೂ ಕೇಳಿಲ್ಲ ಕಣಕ್ಕ, ನಂಗೂ ಗೊತ್ತಿಲ್ಲ. ಯಾರ್ ಜೊತೆ ಬೆಳೀತದೋ ಅವ್ರನ್ನ ಕಾಯ್ತದೆ, ಅಷ್ಟೇ ನಾನ್ ಕಂಡಿರೋದು. ಗೂಡಿನ್ ತಾವೇ ಇಟ್ಕಳಿ, ಅಲ್ಲೇ ಹಿಟ್ಟು ಹಾಕಿ."

ಕೆಂಚು ಮರಿಯನ್ನೇ ತಂದೆವು. ಕೆಂಚ ಎಂದೇ ಕರೆದೆವು. ಕೋಳಿಗೂಡಿನ ಪಕ್ಕದಲ್ಲಿ ಕಟ್ಟಿ, ಮುದ್ದೆಗೆ ಮಜ್ಜಿಗೆ ಕಲಸಿ ಅಲ್ಲೇ ಇಡುತ್ತಿದ್ದೆ. ಹೇಟೆ ಕೋಳಿಯೊಂದು ಮೂತಿಗೆ ಕುಕ್ಕಿದರೆ ಕೆಂಚ ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿತ್ತು. ಗೆದ್ದೆ ಅಂದುಕೊಂಡೆ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಸಂಜೆ ಮರಿ ಕುಂಯ್ ಎಂದಾಗಲೆಲ್ಲ ಅತ್ತೆ ಅದನ್ನು ಬಿಚ್ಚಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ಹಾಲು ಹಾಕುತ್ತಿದ್ದರಂತೆ. ಕೇಳಿದರೆ, "ಕೂಸು ಅಳ್ತಾ ಇದ್ರೆ ಹೆಂಗೆ ಸುಮ್ನಿರ್ಲಿ" ಅಂದರು. ವರ್ಷ ತುಂಬುವುದರೊಳಗೆ ಕೆಂಚ ಕರುವಿನೆತ್ತರ ಬೆಳೆಯಿತು, ಕಟ್ಟುವುದನ್ನೂ ಬಿಟ್ಟೆವು. ಅತ್ತೆ ಜಗಲಿಯಲ್ಲಿ ಕೂತರೆ ಗೇಟಿನ ಕಡೆ ಮುಖ ಮಾಡಿ ಅವರ ಕಾಲ ಬುಡದಲ್ಲಿ ಮಲಗುತ್ತಿತ್ತು. ಅವರು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾವಲು. ನಾನು ಕಾಫಿ ತಂದರೂ ಎದ್ದು ನಿಂತು ಲೋಟ ಮೂಸಿ ನೋಡಿಯೇ ದಾರಿ ಬಿಡುವುದು. ಕೋಳಿಗಳ ಕಡೆ ಅದರ ಲಕ್ಷ್ಯವೇ ಇರಲಿಲ್ಲ. ಕರಿಯಣ್ಣ ಹೇಳಿದಂತೆಯೇ ಆಗಿತ್ತು, ಅದಕ್ಕೆ ಮಂದೆ ಎಂದರೆ ನಮ್ಮ ಅತ್ತೆ.

ನನಗೆ ನಗುವೂ ಬರುತ್ತಿತ್ತು, ಭಯವೂ ಆಗುತ್ತಿತ್ತು. ಭಯಪಟ್ಟಂತೆಯೇ ಒಂದು ಮಧ್ಯಾಹ್ನ ಬೀದಿನಾಯಿಗಳು ಬಂದು ಒಂದು ಕೋಳಿಯನ್ನು ಕೊಂದವು. ಕೆಂಚ ಜಗಲಿ ಬಿಟ್ಟು ಕದಲಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ಎಲ್ಲಾ ಕೋಳೀನೂ ಕೊಟ್ಬುಡ್ತೀನಿ ಅತ್ತೆ. ಆದ್ರೆ ಕಾಯೋ ನಾಯಿ ನಿಮ್ ಕಾಲಡೀಲಿ ಬಿದ್ದಿತ್ತು" ಎಂದೆ. ಅತ್ತೆ ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಶಿವಪೂಜೆ ಮುಗಿಸಿ ಅತ್ತೆ ಜಗಲಿಯ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೊರಟರು. ಗೊಬ್ಬರದ ಗುಂಡಿಯಿಂದ ಒಂದಿಷ್ಟು ದೂರಕ್ಕೆ ಹಾಕಿಕೊಂಡು, ಸೆರಗನ್ನು ಮೂಗಿಗೆ ಹಿಡಿದು, ಕೋಳಿಗಳಿಗೆ ಬೆನ್ನು ತಿರುಗಿಸಿ ಕೂತರು. ಕೆಂಚ ಹೋಗಿ ಪಕ್ಕದಲ್ಲಿ ಮಲಗಿತು. ಆಮೇಲೆ ಅದೇ ರೂಢಿಯಾಯಿತು. ಅವರೆಕಾಯಿ ಸುಲಿಯುವುದು, ಬತ್ತಿ ಹೊಸೆಯುವುದು ಎಲ್ಲಾ ಅಲ್ಲೇ. ಕೋಳಿ ಕೊಡುವ ಮಾತು ಮತ್ತೆ ಬರಲಿಲ್ಲ.

ಒಂದು ದಿನ ನಾನು ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಬೇಲಿ ಸಂದಿಯಿಂದ ನಾಲ್ಕೈದು ನಾಯಿ ನುಗ್ಗಿದ್ದು ಕಂಡಿತು. ಕೆಂಚ ಎದ್ದು ಅತ್ತೆಗೆ ಅಡ್ಡ ನಿಂತಿತು. ನಾಯಿಗಳು ಅದನ್ನು ಸುತ್ತು ಹಾಕಿಕೊಂಡು ಗುಂಡಿಯ ಕಡೆ ಹೋದವು. ಕೆಂಚ ಬೊಗಳುತ್ತಿತ್ತು, ಆದರೆ ಅತ್ತೆಯನ್ನು ಬಿಟ್ಟು ಹೋಗಲೊಲ್ಲದು. ನಾನು ಕೂಗುತ್ತಾ ಮೆಟ್ಟಿಲಿಳಿದು ಓಡಿದೆ. ನಾನು ತಲುಪುವುದರೊಳಗೆ ಎಲ್ಲಾ ಮುಗಿಯುತ್ತದೆ ಎಂದು ಗೊತ್ತಿತ್ತು.

ಆಗ ಅತ್ತೆ ಎದ್ದರು. ಮಂಡಿನೋವಿಗೆ ಗೋಡೆ ಹಿಡಿದು ನಡೆಯುವವರು, ಕುಂಟುತ್ತಾ ನೇರ ಗುಂಡಿಗೇ ಇಳಿದು ಕೋಳಿಗಳ ನಡುವೆ ನಿಂತರು. ಕೆಂಚ ಒಂದೇ ನೆಗೆತಕ್ಕೆ ಅವರ ಮುಂದೆ ಬಂದು ಬಿತ್ತು. ಬಂದ ನಾಯಿಗಳಲ್ಲಿ ಒಂದರ ಕಿವಿ ಹರಿಯಿತು, ಉಳಿದವು ಬೇಲಿ ಹುಡುಕಿಕೊಂಡು ಓಡಿದವು.

ನಾನು ಹೋಗಿ ನೋಡಿದರೆ ಅತ್ತೆ ಗೊಬ್ಬರದ ಮೇಲೆಯೇ ಕೂತಿದ್ದರು. ಕಾಲಿಗೆ ಗಾಯವಾದ ಹೇಟೆಯೊಂದು ಅವರ ಮಡಿಲಲ್ಲಿತ್ತು, ಮಡಿ ಸೀರೆಗೆಲ್ಲ ರಕ್ತ. "ಸ್ನಾನಕ್ಕೆ ನೀರು ಕಾಯಿಸ್ಲಾ ಅತ್ತೆ?" ಎಂದೆ.

"ಆಮೇಲ್ ಕಾಯ್ಸು. ಮೊದ್ಲು ಒಂಚೂರು ಅರಿಶಿನ ತಗಂಡ್ ಬಾ. ಪಾಪ, ನಡುಗ್ತಾ ಐತೆ" ಅಂದರು.

ಕೆಂಚ ಕೋಳಿಗಳನ್ನು ಕಾಯಿತೋ ಅತ್ತೆಯನ್ನು ಕಾಯಿತೋ ಇವತ್ತಿಗೂ ನನಗೆ ತಿಳಿದಿಲ್ಲ. ಅತ್ತೆಗೆ ಕೋಳಿ ಕಂಡರೆ ಹೇಸಿಗೆ ಎಂದೇ ಅಷ್ಟು ವರ್ಷ ತಿಳಿದಿದ್ದೆ. ಅವು ಸಾಯುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ, ಇದ್ದಿದ್ದು ಅಷ್ಟೇ. ಅರಿಶಿನ ತರಲು ಮನೆಯ ಕಡೆ ಓಡುವಾಗ ನನಗೆ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು.